ಬಚ್ಚಲಲ್ಲಿದ್ದ ವೀರ

ಫೆಬ್ರುವರಿ ಒಂಬತ್ತು, ಭಾನುವಾರ. ಬೆಳಿಗ್ಗೆ ಚಳಿ, ಹತ್ತು ಗಂಟೆಗೇ ಚುರುಕು ಬಿಸಿಲು. ದಾವಣಗೆರೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನಾನು ರಜೆಯ ದಿನ ಹಳ್ಳಿಗಳಲ್ಲಿ ಹಳೆಯ ಕಲ್ಲು, ಮಡಕೆಚೂರು ಹುಡುಕುತ್ತೇನೆ. ಹುಡುಕಿದ್ದು ಸಿಗದಿದ್ದರೂ ನಗುವಂಥದ್ದು ಒಂದಾದರೂ ಸಿಗುತ್ತದೆ.

ಹೊಲ

ಅಂದು ಕುಕ್ಕುವಾಡದ ಉತ್ತ ಹೊಲದಲ್ಲಿ ಚೂರು ಆರಿಸುತ್ತಿದ್ದೆ. ಹೊಲದವನು ಬಂದ.

"ಇದರಾಗೆ ಏನು ತಿಳಿತೈತಿ ಸರ?"

"ನೂರಾರು ವರ್ಷದ ಹಿಂದೆ ಇಲ್ಲಿನವರು ಏನು ಬೇಯಿಸ್ತಿದ್ರು ಅಂತ."

"ಇಷ್ಟಕ್ಕೆ ಬಿಸಿಲಾಗೆ ಯಾಕ ಬಗ್ಗೀರಿ? ನಮ್ಮವ್ವನ್ನ ಕೇಳ್ರಿ. ಆಕಿ ಸಾರು ಆಗಿನಿಂದ ಬದಲಾಗಿಲ್ಲ."

ಆ ಸಾರು ಉಣ್ಣಲು ಮನೆಗೂ ಕರೆದೊಯ್ದ.

ಬಚ್ಚಲು

ಕೈ ತೊಳೆಯಲು ಹಿತ್ತಿಲ ಬಚ್ಚಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲಲ್ಲಿ ಕೆತ್ತಿದ ಕುದುರೆಯ ಕಾಲೊಂದು ಕಂಡಿತು. ಹೊಲದವನನ್ನು ಕೂಗಿದೆ; ಇಬ್ಬರೂ ಸೇರಿ ಕಲ್ಲು ಮಗುಚಿದೆವು. ವೀರಗಲ್ಲು! ದನ ಕದಿಯಲು ಬಂದವರೊಡನೆ ಕಾದಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಮರುದಿನ ಹಿತ್ತಿಲಿಗೆಲ್ಲ ಕಾಂಕ್ರೀಟ್ ಹಾಕುವವರಿದ್ದರು. ಹಾಕಿದರೆ ವೀರನ ಮುಖ ಮತ್ತೆ ಯಾರೂ ಕಾಣುತ್ತಿರಲಿಲ್ಲ.

"ಗುಡಿ ಮುಂದೆ ನಿಲ್ಲಿಸೋಣ ಅಜ್ಜಿ. ಊರಿಗಾಗಿ ಸತ್ತವನು," ಎಂದೆ ಹೊಲದವನ ತಾಯಿಗೆ.

"ಸತ್ತ ಮ್ಯಾಲೂ ಕೆಲಸ ಮಾಡ್ಯಾನ. ಅವನಿಗೇನೂ ಬ್ಯಾಸರಿಲ್ಲ, ಬಿಡು ತಮ್ಮಾ."

"ಹೊಸ ಕಲ್ಲು ತಂದ್ಕೊಡ್ತೀನಿ."

"ಹೊಸದು ಬ್ಯಾಡ, ಜಾರ್ತೈತಿ. ಇಪ್ಪತ್ತು ವರ್ಷನಾದ್ರೂ ಒಗೆದು ಪಳಗಿರಬೇಕು."

ಹರಿಹರದ ಕಲ್ಲಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಕೊನೆಯ ಅಂಗಡಿಯವನು ನನ್ನ ಮುಖ ನೋಡಿ, "ಅಂಥದ್ದು ಅಂಗಡ್ಯಾಗೆ ಸಿಗಂಗಿಲ್ಲ ಸರ, ಸಂಸಾರದಾಗೆ ಸಿಗ್ತೈತಿ," ಎಂದ.

ಸಂಜೆಯೊಳಗೆ ಟೆಂಪೊ ಮಾಡಿ ವ್ಯವಹಾರ ಮುಗಿಸಿದೆ. ಬಂದ ಕಲ್ಲನ್ನು ಅಜ್ಜಿ ಅಂಗೈಯಿಂದ ಸವರಿ, "ಒಗೆದಾಕಿ ಗಟ್ಟಿಗಿತ್ತಿ," ಎಂದಳು. ವೀರ ಗುಡಿಯ ಮುಂದೆ ನಿಂತ.

ಮನೆ

ಮರುದಿನ ಬೆಳಿಗ್ಗೆ ಹೆಂಡತಿ ತವರಿನಿಂದ ಬಂದಳು. ಫೋಟೊ ತೋರಿಸಿ ಕಥೆ ಹೇಳಿದೆ. ಹರಿಹರದ ಅಂಗಡಿಯವರೆಗೆ ಮಾತ್ರ.

"ಚೆಂದ ಅದಾನ. ಕೊನಿಗೆ ಆ ಅಜ್ಜಿಗೆ ಏನು ಕೊಟ್ರಿ?"

"ಆಕೆ ನಿನ್ನನ್ನ ಬಹಳ ಹೊಗಳಿದಳು."

"ನನ್ನನ್ನ? ನಾನು ಹೆಂಗೆ ಗೊತ್ತು ಆಕಿಗೆ?"

ನಾನು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ. ಅವಳು ಊರಿಂದ ತಂದ ಮೈಲಿಗೆ ಬಟ್ಟೆಗಳನ್ನು ಬಕೆಟ್ಟಿಗೆ ತುಂಬಿ, ಹಿತ್ತಿಲ ಬಾಗಿಲು ತೆಗೆದಳು.

"ರೀ... ನನ್ನ ಕಲ್ಲೆಲ್ಲಿ?"