ತಕರಾರು ಇದ್ದವರು ತಿಳಿಸಬೇಕು

ಒಬ್ಬನೇ ಇರುವವನಿಗೆ ಸಿಟ್ಟು ಮಾಡಿಕೊಳ್ಳಲೂ ಯಾರೂ ಸಿಗುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನನ್ನ ಸಿಟ್ಟನ್ನೆಲ್ಲ ಬಾಗಿಲೆದುರಿನ ಬೇವಿನ ಮರದ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಬೆಳಿಗ್ಗೆ ಗುಡಿಸಿದರೆ ಚಹಾ ಕುಡಿಯುವಷ್ಟರಲ್ಲಿ ಮತ್ತೆ ಅಂಗಳದ ತುಂಬ ಎಲೆ. ಇಂಡಿ ಪಟ್ಟಣದ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ನಾಲಿಗೆ ನನ್ನದು. ಮರ ಮಾತ್ರ ಹೆದರಲಿಲ್ಲ. ಕಡಿಸಿಯೇ ಬಿಡೋಣ ಎಂದು ಪುರಸಭೆಗೆ ಹೋದೆ.

ಮರ ಕಾಂಪೌಂಡಿನ ಒಳಗೋ ಹೊರಗೋ ಎಂದು ಗುಮಾಸ್ತ ಕೇಳಿದ. ಹೊರಗೆ ಎಂದೆ. "ಹಂಗಾದ್ರ ಅದು ನಿಮ್ಮದಲ್ರಿ ಸರ, ಊರಿಂದು. ಊರ ಮಂದೀನ್ನ ಕೇಳಬೇಕಾಗ್ತೈತಿ" ಎಂದ. ಅಲ್ಲೇ ಅರ್ಜಿ ಬರೆದು ಕೊಟ್ಟೆ. ನಾಲ್ಕೇ ದಿನಕ್ಕೆ ಅರಣ್ಯ ಇಲಾಖೆಯವರು ಬಂದು, ಬುಡಕ್ಕೆ ಟೇಪು ಹಿಡಿದು, ನಂಬರು ಬರೆದು, ತಕರಾರು ಇದ್ದವರು ಹತ್ತು ದಿನದೊಳಗೆ ಬರೆದು ತಿಳಿಸಬೇಕೆಂಬ ನೋಟಿಸು ಅಂಟಿಸಿ ಹೋದರು.

ನಮ್ಮ ಕಡೆ ತಕರಾರನ್ನು ಯಾರೂ ಕಾಗದದ ಮೇಲೆ ಬರೆಯುವುದಿಲ್ಲ. ಮನೆಗೇ ಬಂದು, ಕುಳಿತು, ಚಹಾ ಕುಡಿದು ಹೇಳುತ್ತಾರೆ. ಎದುರು ಮನೆಯ ಹುಸೇನಬಿ, ನನ್ನ ಹೆಂಡತಿ ಹೋದ ಎರಡು ವರ್ಷದ ಮೇಲೆ ಮೊದಲ ಸಲ ಹೊಸ್ತಿಲು ದಾಟಿ ಬಂದು, "ಅಕ್ಕಾವ್ರು ಇದ್ದಿದ್ರ ಕಡಿಯಾಕ ಬಿಡ್ತಿದ್ರೇನ್ರಿ ಮಾಸ್ತರ?" ಎಂದು ಜೋರು ಮಾಡಿದರು. ಇಸ್ತ್ರಿ ಅಂಗಡಿಯ ಮಲ್ಲಪ್ಪ ದಿನಾ ಬಂದು ಅದೇ ತಕರಾರನ್ನು ಹೊಸದಾಗಿ ಹೇಳಿದ. ನಾನೂ ಹಟ ಬಿಡದೆ ವಾದಿಸಿದೆ. ಒಪ್ಪಿಕೊಂಡರೆ ಎದ್ದು ಹೋದಾರು ಎಂಬ ಅಂಜಿಕೆ. ಸಕ್ಕರೆ ಡಬ್ಬಿ ಎರಡು ಸಲ ಖಾಲಿಯಾಯಿತು. ಇಷ್ಟು ಸುಖವಾಗಿ ನಾನು ಯಾರಿಂದಲೂ ಬೈಸಿಕೊಂಡಿರಲಿಲ್ಲ.

ಹನ್ನೊಂದನೆಯ ದಿನ ಗುಮಾಸ್ತನ ಫೋನು ಬಂತು. "ಒಂದೂ ತಕರಾರು ಬಂದಿಲ್ರಿ ಸರ. ನಾಳೆ ಕಡಿಯಾಕ ಆಳು ಕಳಸ್ತೇವಿ." ಮಾಸ್ತರರ ವಿರುದ್ಧ ಬರೆದು ಕೊಡುವುದು ಹೇಗೆಂದು ಎಲ್ಲರೂ ಸುಮ್ಮನಿದ್ದರಂತೆ. ಓಡಿಹೋಗಿ ನಾನೇ ತಕರಾರು ಬರೆದು ಕೊಟ್ಟೆ. ಅರ್ಜಿದಾರನೂ ನಾನೇ, ತಕರಾರುದಾರನೂ ನಾನೇ. ಆತ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ, "ಅಕ್ಷರ ಭಾಳ ಚೆಂದ ಅದಾವ್ರಿ" ಎಂದು ಫೈಲು ಮುಚ್ಚಿದ.

ಮರ ಉಳಿಯಿತು. ನೋಟಿಸು ಕಿತ್ತುಹೋಯಿತು, ಬರುವವರೂ ನಿಂತರು. ಒಂದು ವಾರ ತಡೆದೆ. ಮತ್ತೆ ಪುರಸಭೆಗೆ ಹೋಗಿ, ಹಿತ್ತಲಲ್ಲಿ ಒಂದು ತೆಂಗಿನ ಮರವಿದೆ, ಅದಕ್ಕೆ ನೋಟಿಸು ಯಾವಾಗ ಅಂಟಿಸುತ್ತೀರಿ ಎಂದು ವಿಚಾರಿಸಿದೆ.

"ತೆಂಗಿಗೆ ಪರವಾನಗಿ ಬ್ಯಾಡ್ರಿ ಸರ. ನಿಮ್ಮ ಹಿತ್ತಲ, ನಿಮ್ಮ ಗಿಡ. ಯಾರೂ ಕೇಳೂದಿಲ್ಲ" ಎಂದ ಗುಮಾಸ್ತ.

ಅದು ನನಗೆ ಗೊತ್ತಿತ್ತು. ಯಾರಾದರೂ ಕೇಳಲಿ ಎಂದೇ ಅಲ್ಲವೇ ನಾನು ಆ ಬಿಸಿಲಲ್ಲಿ ಅಷ್ಟು ದೂರ ನಡೆದು ಹೋದದ್ದು.