ಗೋಡೆ ಇಲ್ಲದ ಬಾಗಿಲು

ಅರ್ಥವಿಲ್ಲದ್ದರ ಬಗ್ಗೆ ನಾಟಕ ಬರೆದವನ ಹಣೆಬರಹವೇ ಇಷ್ಟು. ಹೋದಲ್ಲೆಲ್ಲ ಅರ್ಥ ಕೇಳುವವರೇ ಎದುರಾಗುತ್ತಾರೆ, ಹೋದಲ್ಲೆಲ್ಲ ಏನಾದರೊಂದು ಆಗುತ್ತದೆ.

ತೊಂಬತ್ತರ ದಶಕದಲ್ಲಿ ನಾನು ಗೋಕಾಕದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದೆ. ದಿನವಿಡೀ ನನ್ನ ಕಿವಿಗೆ ಬೀಳುತ್ತಿದ್ದುದು ಎರಡೇ ಪ್ರಶ್ನೆ: "ಹಲೋ, ಯಾರ್ರಿ? ನಾ ಅಂದಿದ್ದು ಕೇಳಾಕತ್ತೈತೇನ್ರಿ?" ಧಾರವಾಡದಲ್ಲಿ ಹತ್ತು ದಿನದ ನಾಟಕ ಶಿಬಿರಕ್ಕೆ ಹೋಗಿ ಬಂದ ಮೇಲೆ, ಇವೇ ಮನುಷ್ಯಕುಲದ ಮೂಲ ಪ್ರಶ್ನೆಗಳು ಎಂದು ನನಗೆ ಹೊಳೆಯಿತು. ಗಡ್ಡ ಬಿಟ್ಟೆ. ಒಂದು ಅಸಂಗತ ನಾಟಕ ಬರೆದೆ.

ಕಥೆ ಇಷ್ಟೇ. ಇಬ್ಬರು ಒಂದು ಬಾಗಿಲು ಹೊತ್ತು ತಿರುಗುತ್ತಾರೆ. ಕೂಡಿಸಲು ಗೋಡೆ ಸಿಗುವುದಿಲ್ಲ. ಕೊನೆಗೆ ಬಾಗಿಲನ್ನು ಬಯಲಲ್ಲೇ ನಿಲ್ಲಿಸಿ ಒಬ್ಬ ಬಡಿಯುತ್ತಾನೆ. ಇನ್ನೊಬ್ಬ ಆ ಕಡೆಯಿಂದ "ಯಾರು?" ಅನ್ನುತ್ತಾನೆ. "ನಾನು." "ನಾನು ಅಂದ್ರ ಯಾರು?" ಆಮೇಲೆ ಮೂರು ನಿಮಿಷ ಮೌನ. ಪರದೆ.

ಬಚ್ಚಲ ಬಾಗಿಲು

ಬಡಿಯುವವನು ನಾನು. ಆ ಕಡೆ ನಿಲ್ಲಲು ನಮ್ಮ ಓಣಿಯ ನಿವೃತ್ತ ಡ್ರಾಯಿಂಗ್ ಮಾಸ್ತರು ಸಿಕ್ಕರು. ಹರೆಯದಲ್ಲಿ ಕಂಪನಿ ನಾಟಕದಲ್ಲಿ ಮೆರೆದವರು. ಬಾಗಿಲು ಮಾತ್ರ ಸಿಗಲಿಲ್ಲ. ರಟ್ಟಿನದು ಮಾಡೋಣವೆಂದರೆ ಅದರಲ್ಲಿ ಬದುಕಿನ ಭಾರ ಬರುವುದಿಲ್ಲ. ಹಾಗಾಗಿ ನಮ್ಮ ಹಿತ್ತಲ ಬಚ್ಚಲ ಬಾಗಿಲನ್ನೇ ಚೌಕಟ್ಟು ಸಮೇತ ಕಿತ್ತು, ನೆಟ್ಟಗೆ ನಿಲ್ಲಲಿ ಎಂದು ಕೆಳಗೆ ಎರಡು ಕಟ್ಟಿಗೆ ಪಟ್ಟಿ ಬಡಿದೆ.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಈ ನಾಟಕದ ಅರ್ಥ ಏನ್ರಿ?"

"ಅರ್ಥ ಇಲ್ಲ. ಅದ ಇದರ ಅರ್ಥ."

"ಅರ್ಥ ಇಲ್ಲದ್ದಕ್ಕ ನಮ್ಮ ಬಚ್ಚಲ ಬಾಗಲಾನ ಬೇಕಾಗಿತ್ತೇನು? ಇರಲಿ, ಮೂರು ಆಟ ಆಡ್ರಿ. ಮೂರರಾಗ ಒಬ್ಬರಿಗರೆ ತಿಳೀತಂದ್ರ, ನಾ ಜೀವಮಾನ ಪೂರಾ ಪರದೆ ಕಟ್ಟಿಕೊಂಡ ಜಳಕಾ ಮಾಡ್ತೀನಿ. ಯಾರಿಗೂ ತಿಳೀಲಿಲ್ಲಂದ್ರ ಬಾಗಲಾ ಬಚ್ಚಲಕ್ಕ, ಗಡ್ಡಾ ಹಜಾಮತಿಗೆ, ನಾಟಕ ಬಂದ್."

ಒಪ್ಪಿಕೊಂಡೆ. ಆದರೆ ನಾಟಕ ಬಿಡುವುದೆಂದರೆ ಆಗ ನನಗೆ ಉಸಿರು ಬಿಟ್ಟಂತೆಯೇ ಇತ್ತು. ಬಚ್ಚಲಿಗೆ ಪರದೆಯಾಗಿ ಮಾಸ್ತರು ತಮ್ಮ ಹಳೆಯ ಕಂಪನಿಯ ಅರಮನೆ ಸೀನು ಕೊಟ್ಟರು. ಅಂದಿನಿಂದ ನಾವು ಮನೆಮಂದಿಯೆಲ್ಲ ಆ ಪರದೆಯ ಸಿಂಹಾಸನದ ಹಿಂದೆ ಕೂತು ಜಳಕ ಮಾಡಿದೆವು.

ಉದ್ಘಾಟನೆ

ಮೊದಲ ಆಟ ಗೋಕಾಕದಲ್ಲೇ, ಒಂದು ಭಾನುವಾರ ಬೆಳಿಗ್ಗೆ. ನಮ್ಮ ಕಡೆ ಉದ್ಘಾಟನೆ ಇಲ್ಲದೆ ಯಾವ ಕಾರ್ಯಕ್ರಮವೂ ಶುರುವಾಗುವುದಿಲ್ಲ. ವೇದಿಕೆಯ ಮೇಲೆ ಬಾಗಿಲು ಕಂಡ ಸಂಘಟಕರು, ಇದು ಅದಕ್ಕೇ ಇಟ್ಟದ್ದು ಎಂದುಕೊಂಡು ಕೆಂಪು ರಿಬ್ಬನ್ ಕಟ್ಟಿಬಿಟ್ಟರು.

ಮುಖ್ಯ ಅತಿಥಿಗಳು ಅರಿವೆ ಅಂಗಡಿಯ ಸಾಹುಕಾರರು. ರಿಬ್ಬನ್ ಕತ್ತರಿಸಿ, ಬಾಗಿಲು ತೆರೆದು, ಬಲಗಾಲಿಟ್ಟು ಒಳಗೆ ಹೋದರು. ಆ ಕಡೆ ಏನೂ ಇರಲಿಲ್ಲ. ಅತ್ತ ನೋಡಿದರು, ಇತ್ತ ನೋಡಿದರು. ತಿರುಗಿ ಬಂದು ಬಾಗಿಲು ಮುಚ್ಚಿದರು. ಯಾಕೋ ಏನೋ, ಮೆತ್ತಗೆ ಒಮ್ಮೆ ಬಡಿದೂ ನೋಡಿದರು. ತಿಂಗಳುಗಟ್ಟಲೆ ತಾಲೀಮು ಮಾಡಿದರೂ ನಮಗೆ ಬರದ ಅಭಿನಯ ಅವರಿಗೆ ಒಂದೇ ಸಲಕ್ಕೆ ಬಂದಿತ್ತು.

ಚಪ್ಪಾಳೆಯೋ ಚಪ್ಪಾಳೆ. ಸಾಹುಕಾರರು ಕೈಮುಗಿದು ಕೆಳಗಿಳಿದರು. ನಾಟಕ ಮುಗಿಯಿತೆಂದು ಜನವೂ ಎದ್ದರು. ಪಕ್ಕದಲ್ಲಿ ಬಣ್ಣ ಹಚ್ಚಿಕೊಂಡು ನಿಂತಿದ್ದ ನನ್ನ ಕೈಹಿಡಿದು ಸಾಹುಕಾರರು ಹೇಳಿದರು:

"ಸಣ್ಣದಾದ್ರೂ ನಾಟಕ ಚಲೋ ಇತ್ರಿ. ನನ್ನದ ಪಾರ್ಟ್ ಐತಿ ಅಂತ ಮೊದಲ ಹೇಳಿದ್ರ, ನಾನೂ ಒಂದೀಟು ಬಣ್ಣಾ ಹಚಗೊಂಡ ಬರ್ತಿದ್ದೆ."

ಮೂಡಲಗಿಯ ಪರಿಹಾರ

ಎರಡನೆಯ ಆಟ ಮೂಡಲಗಿಯಲ್ಲಿ, ಶಾಲೆಯ ಬಯಲಿನಲ್ಲಿ, ಸಂಜೆ ಐದಕ್ಕೆ. ಈ ಸಲ ಉದ್ಘಾಟನೆಯನ್ನು ದೀಪ ಹಚ್ಚಿಸಿ ಮುಗಿಸಿದೆ. ಆದರೆ ಅಲ್ಲಿಯವರು ಬಯಲಾಟ ನೋಡಿ ಬೆಳೆದ ಜನ ಎಂಬುದನ್ನು ಮರೆತಿದ್ದೆ. ಬಯಲಾಟದಲ್ಲಿ ಪಾತ್ರಧಾರಿ ಪ್ರಶ್ನೆ ಕೇಳಿದರೆ, ಕೂತವರು ಉತ್ತರ ಕೊಡಲೇಬೇಕು. ಸುಮ್ಮನಿದ್ದರೆ ಕಲಾವಿದನಿಗೆ ಅವಮಾನ.

ಮಾಸ್ತರು ಬಾಗಿಲು ಹೊತ್ತು ಆಕಾಶ ನೋಡುತ್ತ ಕಂಚಿನ ಕಂಠದಲ್ಲಿ ಕೇಳಿದರು: "ಈ ಬಾಗಿಲಿಗೆ ಗೋಡೆ ಕೊಡುವವರು ಈ ಲೋಕದಲ್ಲಿ ಯಾರೂ ಇಲ್ಲವೇ?"

ಕಂಬಳಿ ಹೊದ್ದ ಹಿರಿಯರೊಬ್ಬರು ಎದ್ದು ನಿಂತರು. "ಯಾಕಿಲ್ಲೋ ತಮ್ಮಾ, ನಾ ಕೊಡ್ತೀನಿ. ಹೊಲದಾಗ ಮನಿ ಕಟ್ಟಸಾಕತ್ತೇನಿ. ನಾಕೂ ಕಡೆ ಗ್ವಾಡಿ ಎದ್ದಾವು, ಬಾಗಲಾ ಅಷ್ಟ ಬಾಕಿ."

ಜನ ಹೋ ಎಂದರು. ನಾಲ್ಕು ಗಟ್ಟಿ ಆಳುಗಳು ವೇದಿಕೆ ಹತ್ತಿ, "ವಯಸ್ಸಾದವರ ಕಡಿಂದ ಎಷ್ಟೊತ್ತು ಹೊರಸ್ತೀರಿ, ಬಿಡ್ರಿ ಇತ್ತಾಗ" ಎಂದು ಬಾಗಿಲು ಇಸಕೊಂಡು ಟ್ರ್ಯಾಕ್ಟರಿಗೆ ಹೇರಿದರು. ಮಾಸ್ತರು ಬೆವರು ಒರೆಸಿಕೊಳ್ಳುತ್ತ ಹಿರಿಯರಿಗೆ ಮನಃಪೂರ್ವಕ ನಮಸ್ಕಾರ ಮಾಡಿದರು.

ಮನುಷ್ಯನ ಅಸ್ತಿತ್ವದ ಪ್ರಶ್ನೆ ಮೂಡಲಗಿಯಲ್ಲಿ ಎರಡು ನಿಮಿಷದಲ್ಲಿ ಬಗೆಹರಿಯಿತು. ಬಾಗಿಲು ಬಿಡಿಸಿಕೊಂಡು ಬರಲು ನನಗೆ ಎರಡು ದಿನ ಹಿಡಿಯಿತು.

ಠಾಣೆ

ಇನ್ನು ಉಳಿದದ್ದು ಒಂದೇ ಆಟ, ಹುಕ್ಕೇರಿಯದು. ಬಸ್ಸಿನವರು ನಮ್ಮನ್ನೂ ಬಾಗಿಲನ್ನೂ ಊರ ಹೊರಗೇ ಇಳಿಸಿ ಹೋದರು. ಮಟಮಟ ಮಧ್ಯಾಹ್ನ ರಸ್ತೆಯಲ್ಲಿ ಬಾಗಿಲು ಹೊತ್ತು ನಡೆಯುತ್ತಿದ್ದಾಗ ಪೊಲೀಸರೊಬ್ಬರು ತಡೆದರು.

"ಎಲ್ಲಿ ಕೂಡ್ರಸಾವ್ರು ಈ ಬಾಗಲಾ?"

"ಎಲ್ಲೂ ಇಲ್ರಿ" ಎಂದೆ.

"ಮತ್ಯಾಕ ಹೊತಗೊಂಡ ಹೊಂಟೀರಿ?"

"ಅದನ್ನ ಹುಡಕಾಕತ್ತೇವ್ರಿ" ಎಂದರು ಮಾಸ್ತರು. ಅವರು ಬಾಗಿಲು ಹೊತ್ತರೆ ಸಾಕು, ಪಾತ್ರದೊಳಗೆ ಇಳಿದುಬಿಡುತ್ತಿದ್ದರು.

"ಯಾರು ನೀವು?"

"ಅದು ಕಡೀ ಸೀನಿನ್ಯಾಗ ಬರ್ತೈತ್ರಿ."

ಠಾಣೆಗೆ ನಡೆದೆವು. ಅಲ್ಲಿಂದ ನಮ್ಮ ಪಕ್ಕದ ಮನೆಗೆ ಫೋನ್ ಹೋಯಿತು. ಹೆಂಡತಿ ಓಡಿಬಂದು ಎಲ್ಲ ಕೇಳಿಸಿಕೊಂಡು ಉತ್ತರಿಸಿದಳು:

"ಬಾಗಲಾ ನಮ್ದ ಹೌದ್ರಿ. ಹೊತ್ತಾವ್ರು ನಮ್ಮಾವ್ರ ಹೌದೋ ಅಲ್ಲೋ, ಬಂದ ನೋಡಿ ಹೇಳ್ತೀನ್ರಿ."

ಒನ್ಸ್ ಮೋರ್

ಬಂದಳು, ನೋಡಿದಳು, ಹೌದೆಂದಳು. ಇಷ್ಟು ದೂರ ಬಂದಿದ್ದೇನೆ, ಪಣ ಮುಗಿಯುವುದನ್ನೂ ನೋಡೇ ಹೋಗುತ್ತೇನೆ ಎಂದು ಸಂಜೆಯ ಆಟಕ್ಕೆ ಹಿಂದಿನ ಸಾಲಿನಲ್ಲಿ ಕೂತಳು.

ಅಂದು ಪವಾಡವೇ ನಡೆಯಿತು. ಯಾರೂ ರಿಬ್ಬನ್ ಕಟ್ಟಲಿಲ್ಲ, ಯಾರೂ ಗೋಡೆ ಕೊಡಲಿಲ್ಲ. ನಾಟಕ ಕೊನೆಯ ದೃಶ್ಯದವರೆಗೂ ಬಂತು. ಬಡಿದೆ. "ಯಾರು?" "ನಾನು." "ನಾನು ಅಂದ್ರ ಯಾರು?" ಮೂರು ನಿಮಿಷ ಮೌನವಾಗಿ ನಿಂತೆ.

ಪರದೆ ಬೀಳುವ ಹೊತ್ತಿಗೆ ಹಿಂದಿನಿಂದ ಯಾವನೋ ಕೂಗಿದ: "ಒನ್ಸ್ ಮೋರ್!"

ಒನ್ಸ್ ಮೋರ್ ಬಂದರೆ ಇಲ್ಲ ಎನ್ನಬಾರದು ಎಂಬುದು ಕಂಪನಿಯಲ್ಲಿ ಪಳಗಿದ ಮಾಸ್ತರ ನೇಮ. ಬಾಗಿಲ ಆಚೆಯಿಂದ ಗುಡುಗಿದರು: "ನಾನು ಅಂದ್ರ ಯಾರು?" ಮತ್ತೆ ಮೂರು ನಿಮಿಷ ನಿಂತೆ. ಮತ್ತೆ ಒನ್ಸ್ ಮೋರ್. ಮತ್ತೆ "ನಾನು ಅಂದ್ರ ಯಾರು?"

ಮೂರನೆಯ ಸಲ ನಾನು ಅಭಿನಯಿಸುತ್ತಿರಲಿಲ್ಲ. ನಾಳೆಯಿಂದ ನಾಟಕವೂ ಇಲ್ಲ, ಗಡ್ಡವೂ ಇಲ್ಲ. ಹಾಗಾದರೆ ನಾನು ಯಾರು? ಖರೆ ಹೇಳುತ್ತೇನೆ, ಉತ್ತರ ಗೊತ್ತಿರಲಿಲ್ಲ. ಬಹಳ ದುಃಖವಾಯಿತು.

ಪರದೆ ಬಿದ್ದ ಮೇಲೆ ಇಣುಕಿದರೆ, ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು! ವೇದಿಕೆಯಿಂದ ಹಾರಿದೆ.

"ಆಯಿ, ನಿಮಗ ನಾಟಕ ತಿಳೀತೇನ್ರಿ?"

"ತಿಳೀದ ಏನಪಾ? ಎಲ್ಲಾ ತಿಳೀತು."

ಹೆಂಡತಿಯನ್ನು ಕೈಹಿಡಿದು ಎಳೆದು ತಂದೆ. ಅವಳು ಕೇಳಿದಳು: "ಏನ ತಿಳೀತ್ರಿ ಆಯಿ?"

"ಇಷ್ಟ ಮಂದಿ ಮುಂದ ನಿಂದ್ರಿಸಿ ಮೂರ ಮೂರ ಸಲ ಕೇಳಿದ್ರೂ, ಪಾಪ, ಇವಂಗ ತನ್ನ ಮಾತು ನೆನಪಾಗಲಿಲ್ಲ ತಂಗಿ. ಹಿಂದಿಂದ ಹೇಳಿಕೊಡಾವ್ರೂ ಯಾರೂ ಇಲ್ಲ. ಕಣ್ಣ ಪಿಳಿಪಿಳಿ ಬಿಡಕೋತ ಹಂಗ ನಿಂತಾ. ನೋಡಿ ಕರಳ ಚುರ್ ಅಂತು."

ಮುದುಕಿ ನನ್ನ ಬೆನ್ನು ಸವರಿ ಹೋದಳು. ನಾನು ಬಾಗಿಲಿನ ಒಂದು ತುದಿ ಎತ್ತಿದೆ.

"ಇಳಸ್ರಿ ಕೆಳಗ" ಎಂದಳು ಹೆಂಡತಿ. "ಪಣಾ ನೀವ ಗೆದ್ರಿ. ಆಯಿಗೆ ನಾಟಕ ಪೂರಾ ತಿಳದೈತಿ. ತಿಳೀದಿರೋದು ಬರೆದವರಿಗೆ ಒಬ್ಬರಿಗೆ ಅಷ್ಟ."