ಅಮ್ಮಣ್ಣಿಯ ದವಡೆ ಪ್ರವೇಶ

"ಬರುವ ಆಟಿ ತಿಂಗಳ ಅಗೆಲಿಗೆ ನಾನು ರೊಟ್ಟಿಯನ್ನು ಗರಿಗರಿಯಾಗಿಯೇ ಕಡಿಯುತ್ತೇನೆ. ಸಾರಿಗೆ ಅದ್ದಿದರೆ ನನ್ನ ಹೆಸರು ಅಮ್ಮಣ್ಣಿಯೇ ಅಲ್ಲ!"

ದುಬೈಯ ಮಿರ್ದಿಫಿನಲ್ಲಿರುವ ಮಗಳ ಫ್ಲ್ಯಾಟಿನಲ್ಲಿ, ಗಂಡನ ಪಟದ ಎದುರು ನಿಂತು ಅಮ್ಮಣ್ಣಿ ಶಪಥ ಮಾಡಿದಳು. ಪಟದೊಳಗೆ ಪೂವಪ್ಪ ಎಂದಿನಂತೆ ಹಲ್ಲು ತೋರಿಸಿ ನಗುತ್ತಿದ್ದ. ಇದ್ದಷ್ಟು ದಿನ ಅವನದು ಒಂದೇ ಜಂಬ. ತಾನು ಕೋರಿ ರೊಟ್ಟಿಯನ್ನು ಸಾರಿಲ್ಲದೆ ಕಟಕಟ ಜಗಿಯುವುದು. ಹಿಂದಿನ ಹಲ್ಲಿಲ್ಲದ ಹೆಂಡತಿಯ ಬಟ್ಟಲಿಗೆ ರೊಟ್ಟಿ ಮುರಿದು ಹಾಕಿ, ಸಾರು ಹೊಯ್ದು, "ನಿನಗಿನ್ನು ಇದೇ ಗತಿ ಮಾರಾಯ್ತಿ" ಎಂದು ನಗುವುದು.

ಹೋದ ವರ್ಷ ಅವನು ಹೋದ. ಮುರಿದು ಕೊಡುವವರಿಲ್ಲ. ನಗುವವರೂ ಇಲ್ಲ. ಸತ್ತವರಿಗೆ ಎಲೆ ಹಾಕಿ ಬಡಿಸುವ ಆ ಅಗೆಲಿನ ದಿನ ಅವನೆದುರೇ ಕಡಿದು ತೋರಿಸಬೇಕು. ಅಷ್ಟೇ.

ಮಗಳು ದೀಪ್ತಿ ದೇರಾದ ಹಲ್ಲಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಡಾಕ್ಟರ್ ಲಿಯೊನೆಲ್ ಮಂಗಳೂರಿನವನೇ. ಸ್ಕ್ಯಾನ್ ಮೊದಲೇ ಆಗಿತ್ತು.

"ಎಲುಬಿಗೆ ಸ್ಕ್ರೂ ಕೂರಿಸಿ ಮೇಲೆ ಹಲ್ಲು ಇಡುವುದು. ಎಲ್ಲಿ ಅಂತ ನೀವೇ ನೋಡಿ ಅಮ್ಮ" ಎಂದು ಅವಳ ಮುಖಕ್ಕೆ ಡಬ್ಬದಂಥ ಕನ್ನಡಕ ಕಟ್ಟಿದ. "ಇದು ವಿಆರ್. ನಿಮ್ಮ ದವಡೆಯ ಒಳಗೇ ಹೋದ ಹಾಗೆ ಕಾಣ್ತದೆ. ಹೆದರ್ಬೇಡಿ."

"ಹೆದರುವುದಾ? ನಾನಾ?"

ಕಂಡಿತು! ದವಡೆಯಲ್ಲ, ಅರಮನೆ! ಸುತ್ತ ಬೆಳ್ಳಗಿನ ಕಂಬಗಳು, ನಡುವೆ ದೊಡ್ಡ ಹಜಾರ. ಅಮ್ಮಣ್ಣಿ ಕುರ್ಚಿಯಿಂದ ಎದ್ದಳು. ಚಪ್ಪಲಿ ಬಿಟ್ಟಳು.

"ಅಮ್ಮಾ, ಎಂಥ ಮಾಡ್ತಿದ್ದಿ?"

"ಒಳಗೆ ಹೋಗ್ಲಿಕ್ಕುಂಟಲ್ಲ?"

"ಅದು ನಿನ್ನದೇ ಬಾಯಿ!"

"ಮನೆಯೂ ನನ್ನದೇ. ಚಪ್ಪಲಿ ಹಾಕಿ ಹೋಗ್ತೇನಾ?"

ಮೇಲಿನ ಹಲ್ಲುಗಳು ಊರಮನೆಯ ಬಾಗಿಲಿನ ಹಾಗೆ ತಗ್ಗಾಗಿದ್ದವು. ತಲೆ ಬಗ್ಗಿಸಿ ಹೆಜ್ಜೆ ಇಟ್ಟಳು.

"ಅಮ್ಮ, ಕೂತ್ಕೊಳ್ಳಿ, ಕೂತ್ಕೊಳ್ಳಿ!" ಡಾಕ್ಟರ್ ಗೋಗರೆದ.

ಮರ್ಯಾದಸ್ಥ ಹುಡುಗ! ಒಳಗೆ ಬಂದವರಿಗೆ ಕೂರಲು ಹೇಳುತ್ತಾನೆ. ಪಕ್ಕದಲ್ಲೇ ಕೂರಿಸಲಿರುವ ಹೊಸ ದವಡೆ ಹಲ್ಲು, ಮಣೆಯಷ್ಟು ಅಗಲ. ಕೂತಳು.

ಹಲ್ಲು ಅಲ್ಲಿರಲಿಲ್ಲ!

ಅಮ್ಮಣ್ಣಿ ಡಾಕ್ಟರನ ಕೋಟು ಹಿಡಿದಳು. ಡಾಕ್ಟರ್ ಮೇಜು ಹಿಡಿದ. ಮೇಜು ಯಾರನ್ನೂ ಹಿಡಿಯಲಿಲ್ಲ. ಅದರ ಮೇಲಿದ್ದ ಪ್ಲಾಸ್ಟರಿನ ದವಡೆ ಹಾರಿ ಬಂದು ಅವಳ ಬಾಯಿಗೇ ಬಡಿಯಿತು. ಹಲ್ಲಿಗೂ ಹಲ್ಲಿಗೂ ಮಹಾಯುದ್ಧ! ಪ್ಲಾಸ್ಟರ್ ಗೆದ್ದಿತು. ಗಟ್ಟಿಯಾಗಿದ್ದ ಮುಂದಿನ ಹಲ್ಲು ನೆಲಕ್ಕೆ ಬಿತ್ತು.

"ಖಲಾಸ್" ಎಂದಳು ದೀಪ್ತಿ.

ಡಾಕ್ಟರ್ ಬಾಯಿ ನೋಡಿದ. "ಈಗ ಎರಡು ಕಡೆ ಸ್ಕ್ರೂ ಬೇಕು. ಮೊದಲು ಗಾಯ ಮಾಗ್ಬೇಕು. ಆಟಿಗೆ ಆಗುದಿಲ್ಲ ಅಮ್ಮ."

"ಮತ್ತೆ ಆ ಕನ್ನಡಕ?"

"ಮುಂದಿನ ಸಲ ನಾನೇ ಹಾಕ್ಕೊಳ್ತೇನೆ."

ಆಟಿ ಬಂತು. ಪಟದ ಎದುರು ಎಲೆ ಹಾಕಿ ಕೋಳಿ ಸಾರು, ಗರಿಗರಿ ರೊಟ್ಟಿ ಬಡಿಸಿದರು. ಅಮ್ಮಣ್ಣಿ ಪಟ ನೋಡಿದಳು. ಅದೇ ನಗು. ತನ್ನ ಬಟ್ಟಲಿನ ರೊಟ್ಟಿಯನ್ನು ತಾನೇ ಮುರಿದು ಸಾರು ಹೊಯ್ದುಕೊಂಡಳು. ಆಮೇಲೆ ಸೌಟು ಎತ್ತಿ ಗಂಡನ ಎಲೆಯ ರೊಟ್ಟಿಗೂ ಸಾರು ಸುರಿದಳು.

"ಅಯ್ಯೋ ಅಮ್ಮ! ಅಪ್ಪನಿಗೆ ಗರಿಗರಿಯೇ ಆಗ್ಬೇಕಲ್ಲ!"

"ಆಗ್ಬೇಕು. ಆದ್ರೆ ಅವರು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ನನ್ನ ಪೆಟ್ಟಿಗೆಯಲ್ಲೇ ಉಂಟು."